ಸಿಗ್ಮಾ ಕ್ಸೈ ಸಂಶೋಧನಾ ಗೌರವ ಸಂಘದಲ್ಲಿ ನಾಯಕತ್ವ: ಪ್ರಾಧ್ಯಾಪಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕಾಲೇಜು ಮತ್ತು ವಿಶ್ವವಿದ್ಯಾಲಯಗಳಲ್ಲಿ ವಿಜ್ಞಾನ ಕಲಿಸುತ್ತಿರುವ ಕನ್ನಡಿಗ ಸಹೋದ್ಯೋಗಿಗಳು ಸಿಗ್ಮಾ ಕ್ಸೈ ಸಂಘದ ಬಗ್ಗೆ, ಮುಖ್ಯವಾಗಿ ಅದರ ಶಾಖೆಗಳಲ್ಲಿ ಮತ್ತು ಕೇಂದ್ರ ಮಂಡಳಿಯಲ್ಲಿ ಜವಾಬ್ದಾರಿ ವಹಿಸಿಕೊಳ್ಳುವ ಬಗ್ಗೆ, ಹಲವು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದಿದ್ದಾರೆ. ಒಂದು ಶಾಖೆಯಲ್ಲಿ ಮೊದಲು ಕಾರ್ಯದರ್ಶಿಯಾಗಿ, ಆಮೇಲೆ ಅಧ್ಯಕ್ಷನಾಗಿ ಕೆಲಸ ಮಾಡಿದ ಅನುಭವದಿಂದ ಆ ಪ್ರಶ್ನೆಗಳಿಗೆ ಇಲ್ಲಿ ಒಟ್ಟಾಗಿ ಉತ್ತರ ಬರೆದಿದ್ದೇನೆ. ನಿಯಮಗಳ ವಿವರ ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಸಂಘದ ಆ ವರ್ಷದ ಉಪನಿಯಮಗಳನ್ನು ಓದಿಕೊಳ್ಳುವುದು ಅವಶ್ಯಕ.

ಸಿಗ್ಮಾ ಕ್ಸೈ ಎಂದರೇನು? ಅದು ಹೇಗೆ ಹುಟ್ಟಿತು?

ಸಿಗ್ಮಾ ಕ್ಸೈ ವೈಜ್ಞಾನಿಕ ಸಂಶೋಧನೆಗೆಂದೇ ಇರುವ ಗೌರವ ಸಂಘ. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1886ರಲ್ಲಿ ಅದು ಆರಂಭವಾಯಿತು. ಅಂದಿನ ಅಮೆರಿಕದಲ್ಲಿ ಸಾಹಿತ್ಯ ಮತ್ತು ಪ್ರಾಚೀನ ಭಾಷೆಗಳಲ್ಲಿ ಮೇಲುಗೈ ಸಾಧಿಸಿದ ವಿದ್ಯಾರ್ಥಿಗಳನ್ನು ಗೌರವಿಸಲು 1776ರಿಂದಲೂ ಫೈ ಬೀಟಾ ಕಪ್ಪಾ ಸಂಘವಿತ್ತು. ಪ್ರಯೋಗಾಲಯದಲ್ಲಿ ದುಡಿಯುವ ತರುಣರಿಗೆ ಅಂಥದ್ದೇನೂ ಇರಲಿಲ್ಲ. ಆ ಕೊರತೆಯನ್ನು ತುಂಬಲು ಫ್ರಾಂಕ್ ವಾನ್ ವ್ಲೆಕ್ ಎಂಬ ಕಿರಿಯ ಅಧ್ಯಾಪಕರು ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಹೊರಟರು. ಅದೇ ಹೊತ್ತಿಗೆ ಅದೇ ವಿಶ್ವವಿದ್ಯಾಲಯದ ಭೂವಿಜ್ಞಾನಿ ಹೆನ್ರಿ ಶೇಲರ್ ವಿಲಿಯಮ್ಸ್ ಕೂಡ ಇಂಥದೇ ಸಂಘವೊಂದನ್ನು ಕಟ್ಟುವ ಯೋಚನೆಯಲ್ಲಿದ್ದರು. ಎರಡು ಪ್ರಯತ್ನಗಳೂ ಒಂದಾದವು ಮತ್ತು ವಿಲಿಯಮ್ಸ್ ಮೊದಲ ಅಧ್ಯಕ್ಷರಾದರು. ಎಂಜಿನಿಯರುಗಳು ಮೊಳಕೆ ಹಾಕಿದ ಸಂಘದ ಮೊದಲ ಅಧ್ಯಕ್ಷಗಿರಿ ಭೂವಿಜ್ಞಾನಿಯೊಬ್ಬರಿಗೆ ಹೋಯಿತು ಎಂಬುದನ್ನು ನಾಯಕತ್ವ ಬಯಸುವ ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕೆಂದು ನನಗೆ ಅನಿಸುತ್ತದೆ, ಏಕೆಂದರೆ ಈ ಸಂಘ ಇಂದಿಗೂ ಯಾವ ಒಂದು ಶಾಸ್ತ್ರಕ್ಕೂ ಸೇರಿದ್ದಲ್ಲ.

ಹೆಸರಿನಲ್ಲಿರುವ ಎರಡು ಗ್ರೀಕ್ ಅಕ್ಷರಗಳು ಸಂಘದ ಧ್ಯೇಯವಾಕ್ಯದ ಮೊದಲಕ್ಷರಗಳು. ‘ಶ್ರದ್ಧೆಯ ಸಂಶೋಧನೆಯಲ್ಲಿ ಜೊತೆಗಾರರು’ ಎಂಬುದು ಅದರ ಅರ್ಥ. ಬರವಣಿಗೆಯಲ್ಲಿ ಕ್ಸೈ ಎಂದಿದ್ದರೂ ಅಮೆರಿಕದಲ್ಲಿ ಬಹುಮಂದಿ ‘ಝೈ’ ಎಂದೇ ಉಚ್ಚರಿಸುತ್ತಾರೆ. 1888ರಲ್ಲಿಯೇ ಮಹಿಳೆಯರಿಗೆ ಸದಸ್ಯತ್ವ ಕೊಡಲಾಯಿತು. ಕೀಟಗಳ ಚಿತ್ರಗಳಿಗೂ ನಿಸರ್ಗ ಶಿಕ್ಷಣಕ್ಕೂ ಹೆಸರಾದ ಆ್ಯನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ ಹಾಗೆ ಮೊದಲಿಗೆ ಸೇರಿದವರಲ್ಲಿ ಒಬ್ಬರು. ಕೈಗಾರಿಕಾ ಪ್ರಯೋಗಾಲಯಗಳ ಸಂಶೋಧಕರಿಗಾಗಿ 1947ರಲ್ಲಿ ಕಟ್ಟಿದ ಸೋದರ ಸಂಘ 1974ರಲ್ಲಿ ಮೂಲ ಸಂಘದೊಂದಿಗೆ ವಿಲೀನವಾಯಿತು. ಈಗ ಕೇಂದ್ರ ಕಚೇರಿ ಉತ್ತರ ಕ್ಯಾರೊಲಿನಾ ರಾಜ್ಯದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿದೆ. ಐನ್‌ಸ್ಟೈನ್, ಫರ್ಮಿ, ಲೈನಸ್ ಪಾಲಿಂಗ್, ಬಾರ್ಬರಾ ಮೆಕ್ಲಿಂಟಾಕ್ ಮೊದಲಾಗಿ 200ಕ್ಕೂ ಹೆಚ್ಚು ನೊಬೆಲ್ ಪುರಸ್ಕೃತರು ಇದರ ಸದಸ್ಯರಾಗಿದ್ದಾರೆ. ಆದರೆ ಸಂಘವನ್ನು ದಿನದಿನ ನಡೆಸುವವರು ಅವರಲ್ಲ; ಪಾಠ ಮುಗಿಸಿ ಸಂಜೆ ಸಭೆಗೆ ಬರುವ ಸಾಮಾನ್ಯ ಪ್ರಾಧ್ಯಾಪಕರು.

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಂತೆಯೇ ಇದೂ ಒಂದು ಅಕಾಡೆಮಿಯೇ?

ಅಲ್ಲ. ಸರ್ ಸಿ. ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯಂಥ ಸಂಸ್ಥೆಗಳಲ್ಲಿ ಈಗಾಗಲೇ ದೊಡ್ಡ ಸಾಧನೆ ಮಾಡಿದ ಕೆಲವೇ ವಿಜ್ಞಾನಿಗಳನ್ನು ಪ್ರತಿ ವರ್ಷ ಫೆಲೊಗಳನ್ನಾಗಿ ಆರಿಸುತ್ತಾರೆ. ಸಿಗ್ಮಾ ಕ್ಸೈ ಸದಸ್ಯತ್ವ ಅಷ್ಟು ಕಿರಿದಾದ ಬಾಗಿಲಲ್ಲ. ಸಂಶೋಧನೆಯ ಮೊದಲ ಮೆಟ್ಟಿಲು ಹತ್ತಿದ ಪದವಿ ವಿದ್ಯಾರ್ಥಿಗೂ ಅಲ್ಲಿ ಒಂದು ಜಾಗವಿದೆ. ನಾಯಕತ್ವದ ರೀತಿಯಲ್ಲಿಯೂ ವ್ಯತ್ಯಾಸವಿದೆ: ರಾಮನ್ ತಾವು ಸ್ಥಾಪಿಸಿದ ಅಕಾಡೆಮಿಗೆ 1934ರಿಂದ 1970ರಲ್ಲಿ ನಿಧನರಾಗುವವರೆಗೂ ಅಧ್ಯಕ್ಷರಾಗಿದ್ದರು; ಸಿಗ್ಮಾ ಕ್ಸೈ ಅಧ್ಯಕ್ಷರ ಅವಧಿಯಾದರೋ ಈಗ ಒಂದೇ ವರ್ಷ. ಊರಿನಲ್ಲಿರುವ ಬಂಧುಗಳಿಗೆ ‘ನಾನು ಅಮೆರಿಕದ ಅಕಾಡೆಮಿಗೆ ಆಯ್ಕೆಯಾದೆ’ ಎಂದು ಹೇಳಿಕೊಳ್ಳುವುದು ಸರಿಯಲ್ಲ. ಪತ್ರಿಕೆಗಳಲ್ಲಿ ಹಾಗೆ ಸುದ್ದಿಯಾದರೆ ತಿದ್ದಿಸುವುದು ನಮ್ಮದೇ ಹೊಣೆ.

ನಾಯಕತ್ವಕ್ಕೆ ನಿಲ್ಲಲು ಯಾವ ಬಗೆಯ ಸದಸ್ಯತ್ವ ಇರಬೇಕು?

ಪೂರ್ಣ ಸದಸ್ಯತ್ವ ಇರಬೇಕು, ಅದು ಚಾಲ್ತಿಯಲ್ಲಿಯೂ ಇರಬೇಕು. ಸಂಶೋಧನೆಯ ಒಲವನ್ನು, ಸಾಮರ್ಥ್ಯವನ್ನು ತೋರಿಸಿದ ವಿದ್ಯಾರ್ಥಿಗಳಿಗೆ ಸಹ ಸದಸ್ಯತ್ವ ಸಿಗುತ್ತದೆ. ಸ್ವತಂತ್ರವಾಗಿ ಗಮನಾರ್ಹ ಸಂಶೋಧನೆ ಮಾಡಿದವರಿಗೆ ಪೂರ್ಣ ಸದಸ್ಯತ್ವ ಸಿಗುತ್ತದೆ. ಪ್ರಧಾನ ಲೇಖಕರಾಗಿ ಎರಡು ಪ್ರಬಂಧಗಳನ್ನು ಪ್ರಕಟಿಸಿರುವುದು ಅದಕ್ಕೆ ರೂಢಿಯ ಅಳತೆ, ಪಿಎಚ್.ಡಿ. ಪದವಿಯನ್ನು ಅವುಗಳಲ್ಲಿ ಒಂದಕ್ಕೆ ಸಮಾನವೆಂದು ಪರಿಗಣಿಸುತ್ತಾರೆ. ಎರಡಕ್ಕೂ ಈಗಾಗಲೇ ಸದಸ್ಯರಾಗಿರುವವರು ಹೆಸರು ಸೂಚಿಸಬೇಕು.

ವಿದ್ಯಾರ್ಥಿಯಾಗಿದ್ದಾಗ ಸಹ ಸದಸ್ಯರಾಗಿ ಸೇರಿ, ಪ್ರಾಧ್ಯಾಪಕರಾದ ಮೇಲೂ ಅದೇ ವರ್ಗದಲ್ಲಿ ಉಳಿದುಬಿಟ್ಟವರು ಅನೇಕರಿದ್ದಾರೆ. ಬಡ್ತಿ ತಾನಾಗಿ ಬರುವುದಿಲ್ಲ, ಕೇಳಬೇಕು. ವಾರ್ಷಿಕ ವಂತಿಗೆ ಕಟ್ಟುವುದನ್ನು ನಿಲ್ಲಿಸಿದವರು ಮೊದಲು ಸದಸ್ಯತ್ವವನ್ನು ನವೀಕರಿಸಿಕೊಳ್ಳಬೇಕು. ನಾಮಪತ್ರದ ಕೊನೆಯ ದಿನ ಈ ಎರಡು ವಿಷಯ ಗೊತ್ತಾಗಿ ಪರದಾಡಿದವರನ್ನು ನಾನು ನೋಡಿದ್ದೇನೆ.

ಯಾವ ಯಾವ ಹುದ್ದೆಗಳಿವೆ?

ಮೂರು ಹಂತಗಳಲ್ಲಿ ನೋಡಿದರೆ ಸುಲಭವಾಗಿ ತಿಳಿಯುತ್ತದೆ. ಕೆಳಗಿನದು ಶಾಖೆ: ಒಂದು ವಿಶ್ವವಿದ್ಯಾಲಯದಲ್ಲಿ ಅಥವಾ ಪ್ರಯೋಗಾಲಯದಲ್ಲಿ, ಇಲ್ಲವೇ ಒಂದು ಊರಿನ ಸುತ್ತಮುತ್ತ ಇರುವ ಸದಸ್ಯರ ಗುಂಪು. ಅಲ್ಲಿ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ. ಎರಡನೆಯದು ಸಂಘದ ಸಮಿತಿಗಳು: ವಿದ್ಯಾರ್ಥಿ ಸಹಾಯಧನ, ಸದಸ್ಯತ್ವದ ಅರ್ಹತೆ, ಪ್ರಶಸ್ತಿ, ಉಪನ್ಯಾಸ, ಹಣಕಾಸು, ನಾಮನಿರ್ದೇಶನ ಮೊದಲಾದವು. ಮೇಲಿನದು ನಿರ್ದೇಶಕ ಮಂಡಳಿ. ಅದರಲ್ಲಿ ಅಧ್ಯಕ್ಷರು, ಮುಂದಿನ ವರ್ಷಕ್ಕೆ ಆಯ್ಕೆಯಾದ ಅಧ್ಯಕ್ಷರು, ನಿಕಟಪೂರ್ವ ಅಧ್ಯಕ್ಷರು, ಖಜಾಂಚಿ ಹಾಗೂ ನಿರ್ದೇಶಕರು ಇರುತ್ತಾರೆ. ನಿರ್ದೇಶಕರ ಸ್ಥಾನಗಳನ್ನು ಎರಡು ಬಗೆಯಲ್ಲಿ ಹಂಚಿದ್ದಾರೆ: ಈಶಾನ್ಯ, ವಾಯವ್ಯ, ಆಗ್ನೇಯ ಹೀಗೆ ಭೌಗೋಳಿಕ ವಲಯಗಳ ಪ್ರಕಾರ ಕೆಲವು, ಪದವಿ ಕಾಲೇಜುಗಳು, ಸಮಗ್ರ ವಿಶ್ವವಿದ್ಯಾಲಯಗಳು, ಸಂಶೋಧನಾ ವಿಶ್ವವಿದ್ಯಾಲಯಗಳು, ಕೈಗಾರಿಕೆ ಮತ್ತು ಸರ್ಕಾರಿ ಪ್ರಯೋಗಾಲಯಗಳು ಹೀಗೆ ಸಂಸ್ಥೆಯ ಸ್ವರೂಪದ ಪ್ರಕಾರ ಇನ್ನು ಕೆಲವು. ಕಚೇರಿಯ ದೈನಂದಿನ ಆಡಳಿತವನ್ನು ಸಂಬಳ ಪಡೆಯುವ ಕಾರ್ಯನಿರ್ವಾಹಕ ನಿರ್ದೇಶಕರು ನೋಡಿಕೊಳ್ಳುತ್ತಾರೆ. ಅದು ಚುನಾಯಿತ ಹುದ್ದೆಯಲ್ಲ.

ಈ ಚುನಾಯಿತ ಹುದ್ದೆಗಳಿಗೆ ಸಂಬಳವಿದೆಯೇ?

ಇಲ್ಲ.

ಎಲ್ಲಿಂದ ಆರಂಭಿಸಬೇಕು?

ನಿಮ್ಮ ಶಾಖೆಯ ಕಾರ್ಯದರ್ಶಿ ಹುದ್ದೆಯಿಂದ ಆರಂಭಿಸಿ ಎಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಅಧ್ಯಕ್ಷರಾಗಿ ಆರಂಭಿಸಿದವರಿಗೆ ವೇದಿಕೆ ಪರಿಚಯವಾಗುತ್ತದೆ, ಕಾರ್ಯದರ್ಶಿಯಾಗಿ ಆರಂಭಿಸಿದವರಿಗೆ ಸಂಘ ಪರಿಚಯವಾಗುತ್ತದೆ. ಯಾವ ವಿಭಾಗದಿಂದ ಹೊಸ ಸದಸ್ಯರು ಬರುತ್ತಿದ್ದಾರೆ, ಯಾವ ವಿಭಾಗದಿಂದ ಹತ್ತು ವರ್ಷದಿಂದ ಒಬ್ಬರೂ ಬಂದಿಲ್ಲ, ಯಾರ ಸದಸ್ಯತ್ವ ಕಳೆದುಹೋಗಿದೆ, ಕೇಂದ್ರ ಕಚೇರಿಗೆ ಏನು ವರದಿ ಹೋಗಬೇಕು, ಸೇರ್ಪಡೆ ಸಮಾರಂಭಕ್ಕೆ ಸಭಾಂಗಣವನ್ನು ಯಾರಿಂದ ಪಡೆಯಬೇಕು, ಇವೆಲ್ಲ ಕಾರ್ಯದರ್ಶಿಯ ಮೇಜಿನ ಮೇಲೆ ಹಾದುಹೋಗುತ್ತವೆ.

ನಾನು ಆ ಹುದ್ದೆ ವಹಿಸಿಕೊಂಡ ಮೊದಲ ವರ್ಷ ಹಳೆಯ ಸದಸ್ಯರ ಪಟ್ಟಿಯನ್ನು ಮುಂದಿಟ್ಟುಕೊಂಡು, ಅದರಲ್ಲಿ ಇನ್ನೂ ನಮ್ಮ ಕ್ಯಾಂಪಸ್ಸಿನಲ್ಲಿರುವವರು ಯಾರೆಂದು ಒಬ್ಬೊಬ್ಬರನ್ನೇ ವಿಚಾರಿಸುತ್ತ ಹೋದೆ. ನಮ್ಮ ಕಟ್ಟಡದಲ್ಲಿಯೇ, ಎರಡು ಅಂತಸ್ತು ಮೇಲೆ, ಇಪ್ಪತ್ತು ವರ್ಷಗಳಿಂದ ಸದಸ್ಯರಾಗಿದ್ದ ಒಬ್ಬ ಹಿರಿಯ ರಸಾಯನವಿಜ್ಞಾನಿ ಇದ್ದರು. ಯಾರೂ ಅವರನ್ನು ಒಮ್ಮೆಯೂ ಸಭೆಗೆ ಕರೆದಿರಲಿಲ್ಲ. ಕರೆದಾಗ ಬಂದರು, ಆ ವರ್ಷವೇ ನಾಲ್ಕು ವಿದ್ಯಾರ್ಥಿಗಳ ಹೆಸರನ್ನು ಸೂಚಿಸಿದರು. ನಾಯಕತ್ವದ ಕೆಲಸ ಹೀಗೆ ಬಾಗಿಲು ತಟ್ಟುವುದರಿಂದ ಆರಂಭವಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ನಮ್ಮ ವಿಶ್ವವಿದ್ಯಾಲಯದಲ್ಲಿ ಶಾಖೆಯಿದೆ, ಆದರೆ ಅದು ಹೆಸರಿಗೆ ಮಾತ್ರ ಇದೆ. ಏನು ಮಾಡಬಹುದು?

ಇದು ನನಗೆ ಅತಿ ಹೆಚ್ಚು ಬಾರಿ ಬಂದ ಪ್ರಶ್ನೆ. ಶಾಖೆಯೊಂದು ಸೊರಗುವುದು ಸಾಮಾನ್ಯವಾಗಿ ಒಬ್ಬರೇ ವ್ಯಕ್ತಿ ಬಹುಕಾಲ ಅದನ್ನು ಹೊತ್ತು, ನಿವೃತ್ತರಾಗಿ ಹೋದ ಮೇಲೆ. ಅವರ ಜೊತೆಗೆ ಕಡತಗಳೂ, ಬ್ಯಾಂಕ್ ಖಾತೆಯ ವಿವರವೂ, ಪರಿಚಯಗಳೂ ಹೋಗಿಬಿಡುತ್ತವೆ. ಆಗ ಮಾಡಬೇಕಾದ ಮೊದಲ ಕೆಲಸ ಕೇಂದ್ರ ಕಚೇರಿಗೆ ಬರೆದು, ಶಾಖೆಯ ಈಗಿನ ಸ್ಥಿತಿ ಏನು, ಕೊನೆಯ ವಾರ್ಷಿಕ ವರದಿ ಯಾವಾಗ ಹೋಗಿತ್ತು, ದಾಖಲೆಯಲ್ಲಿ ಯಾರ ಹೆಸರು ಪದಾಧಿಕಾರಿಗಳಾಗಿ ಉಳಿದಿದೆ ಎಂದು ಕೇಳಿ ತಿಳಿದುಕೊಳ್ಳುವುದು. ವರದಿ ಸಲ್ಲಿಸುವುದು, ಹೊಸ ಸದಸ್ಯರನ್ನು ಸೇರಿಸಿಕೊಳ್ಳುವುದು, ಪದಾಧಿಕಾರಿಗಳನ್ನು ಆರಿಸುವುದು, ವಾರ್ಷಿಕ ಸಭೆಗೆ ಪ್ರತಿನಿಧಿಯನ್ನು ಕಳಿಸುವುದು, ಈ ನಾಲ್ಕೂ ನಿಂತುಹೋದ ಶಾಖೆ ಕ್ರಮೇಣ ಮಾನ್ಯತೆಯನ್ನೇ ಕಳೆದುಕೊಳ್ಳಬಹುದು.

ಎರಡನೆಯ ಕೆಲಸ ಹಿಂದಿನವರನ್ನು ದೂಷಿಸದಿರುವುದು. ನಿವೃತ್ತರಾದ ಹಳೆಯ ಅಧ್ಯಕ್ಷರ ಮನೆಗೆ ಹೋಗಿ ಅರ್ಧ ದಿನ ಕುಳಿತು ಮಾತಾಡಿದರೆ, ಪತ್ರಗಳಲ್ಲಿ ಸಿಗದ ಎಷ್ಟೋ ಸಂಗತಿ ಸಿಗುತ್ತದೆ. ಮೂರನೆಯದು, ಮೊದಲ ವರ್ಷ ಒಂದೇ ಕಾರ್ಯಕ್ರಮವನ್ನು ಕೈಗೆತ್ತಿಕೊಂಡು ಚೆನ್ನಾಗಿ ಮಾಡುವುದು. ವಸಂತ ಋತುವಿನಲ್ಲಿ ವಿದ್ಯಾರ್ಥಿಗಳ ಪೋಸ್ಟರ್ ಪ್ರದರ್ಶನ ನಡೆಸಿ, ಅದೇ ಸಂಜೆ ಹೊಸ ಸದಸ್ಯರ ಸೇರ್ಪಡೆಯನ್ನೂ ಇಟ್ಟುಕೊಂಡರೆ ಸಾಕು. ಮಕ್ಕಳ ತಂದೆತಾಯಿ ಬರುತ್ತಾರೆ, ಡೀನ್ ಬರುತ್ತಾರೆ, ಶಾಖೆ ಇನ್ನೂ ಜೀವಂತವಾಗಿದೆ ಎಂಬ ಸುದ್ದಿ ತಾನಾಗಿ ಹರಡುತ್ತದೆ. ಆರು ಉಪನ್ಯಾಸಗಳ ಸರಣಿಯನ್ನು ಘೋಷಿಸಿ ಎರಡನ್ನು ಮಾತ್ರ ನಡೆಸುವುದಕ್ಕಿಂತ ಇದು ಎಷ್ಟೋ ಮೇಲು. ಉಪನ್ಯಾಸ ಬೇಕೆಂದಾದರೆ, 1930ರ ದಶಕದಿಂದ ನಡೆದುಬಂದಿರುವ ಸಂಘದ ವಿಶಿಷ್ಟ ಉಪನ್ಯಾಸಕರ ಯೋಜನೆಯ ಮೂಲಕ ಹೊರಗಿನ ಒಳ್ಳೆಯ ವಿಜ್ಞಾನಿಯೊಬ್ಬರನ್ನು ಕರೆಸುವ ದಾರಿಯಿದೆ.

ಕೇಂದ್ರ ಮಟ್ಟದ ಚುನಾವಣೆ ಹೇಗೆ ನಡೆಯುತ್ತದೆ?

ನಾಮನಿರ್ದೇಶನ ಸಮಿತಿ ಹೆಸರುಗಳನ್ನು ಆಹ್ವಾನಿಸಿ, ಪರಿಶೀಲಿಸಿ, ಅಭ್ಯರ್ಥಿಗಳ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ವಲಯ ಮತ್ತು ಸಂಸ್ಥಾವರ್ಗದ ಸ್ಥಾನಗಳಿಗೆ ಆಯಾ ಗುಂಪಿನವರೇ ಅಭ್ಯರ್ಥಿಗಳನ್ನು ಹುಡುಕುತ್ತಾರೆ. ಮತ ಹಾಕುವವರು ಶಾಖೆಗಳ ಪ್ರತಿನಿಧಿಗಳು. ಇಡೀ ಸದಸ್ಯವರ್ಗ ನೇರವಾಗಿ ಮತ ಹಾಕುವ ಪದ್ಧತಿ ಇಲ್ಲಿಲ್ಲ. ವಾರ್ಷಿಕ ಸಭೆಯ ಆಸುಪಾಸಿನಲ್ಲಿ ಮತದಾನ ನಡೆಯುತ್ತದೆ, ಈಚೆಗೆ ಅದು ಆನ್‌ಲೈನ್ ಆಗಿದೆ. ಗೆದ್ದವರ ಅವಧಿ ಜುಲೈ 1ರಿಂದ ಆರಂಭವಾಗುತ್ತದೆ. ನಿರ್ದೇಶಕರ ಅವಧಿ ಮೂರು ವರ್ಷ.

ಅಧ್ಯಕ್ಷಗಿರಿಗೆ ನಿಲ್ಲುವವರು ಲೆಕ್ಕವನ್ನು ಸರಿಯಾಗಿ ಹಾಕಿಕೊಳ್ಳಬೇಕು. ಅಧ್ಯಕ್ಷರ ಅವಧಿ ಒಂದು ವರ್ಷವೆಂದು ಹೇಳಿದರೂ, ಅದಕ್ಕೆ ಮೊದಲು ಒಂದು ವರ್ಷ ಮುಂದಿನ ಅಧ್ಯಕ್ಷರಾಗಿ, ಆಮೇಲೆ ಒಂದು ವರ್ಷ ನಿಕಟಪೂರ್ವ ಅಧ್ಯಕ್ಷರಾಗಿ ಮಂಡಳಿಯಲ್ಲಿರಬೇಕು. ಒಟ್ಟು ಮೂರು ವರ್ಷದ ಬದ್ಧತೆ. ವಿಭಾಗದ ಮುಖ್ಯಸ್ಥರಾಗುವ ಸರದಿ, ಸಬ್ಯಾಟಿಕಲ್ (ಬೋಧನೆಯಿಂದ ಬಿಡುವು ಕೊಡುವ ದೀರ್ಘ) ರಜೆ, ಊರಿನಲ್ಲಿರುವ ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳಬೇಕಾದ ಅಗತ್ಯ, ಇವು ಆ ಮೂರು ವರ್ಷದೊಳಗೆ ಬರುತ್ತವೆಯೇ ಎಂದು ಮನೆಯವರೊಂದಿಗೆ ಕುಳಿತು ಯೋಚಿಸಿಯೇ ಒಪ್ಪಿಕೊಳ್ಳಿ.

ನನ್ನ ಹೆಸರನ್ನು ನಾನೇ ಸೂಚಿಸಿಕೊಳ್ಳುವುದು ಸರಿಯೇ? ಸಂಕೋಚವಾಗುತ್ತದೆ.

ಸರಿ, ಅದಕ್ಕೆ ಅವಕಾಶವೂ ಇದೆ. ನಮ್ಮಲ್ಲಿ ‘ತಾನೇ ತನ್ನ ಹೆಸರು ಹೇಳಿಕೊಳ್ಳುವವನು’ ಎಂದರೆ ಒಳ್ಳೆಯ ಮಾತಲ್ಲ, ಕರೆದರೆ ಹೋಗುವುದೇ ಗೌರವ ಎಂದು ನಾವು ಬೆಳೆದಿದ್ದೇವೆ. ಆ ಸಂಸ್ಕಾರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಇಲ್ಲಿ ನಾಮನಿರ್ದೇಶನ ಸಮಿತಿಯವರಿಗೆ ನೂರಾರು ಶಾಖೆಗಳ ಸದಸ್ಯರಲ್ಲಿ ಯಾರಿಗೆ ಆಸಕ್ತಿಯಿದೆ, ಯಾರಿಗೆ ಸಮಯವಿದೆ ಎಂದು ತಿಳಿಯುವುದಕ್ಕೆ ಬೇರೆ ದಾರಿಯಿಲ್ಲ. ಹೆಸರು ಕೊಡುವುದೆಂದರೆ ‘ಈ ಕೆಲಸ ಮಾಡಲು ನಾನು ಸಿದ್ಧ’ ಎಂದು ತಿಳಿಸುವುದು. ಸಂಕೋಚ ಬಿಡದಿದ್ದರೆ, ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಬೇರೆ ವಿಭಾಗದ ಸಹೋದ್ಯೋಗಿಯೊಬ್ಬರನ್ನು ಹೆಸರು ಸೂಚಿಸುವಂತೆ ಕೇಳಿ. ಬೇರೆ ವಿಭಾಗ ಎಂಬುದನ್ನು ಒತ್ತಿ ಹೇಳುತ್ತೇನೆ: ಜೀವವಿಜ್ಞಾನಿಯನ್ನು ಭೌತವಿಜ್ಞಾನಿ ಸೂಚಿಸಿದಾಗ, ಆ ವ್ಯಕ್ತಿ ತನ್ನ ಶಾಸ್ತ್ರದ ಬೇಲಿಯನ್ನು ದಾಟಿ ಕೆಲಸ ಮಾಡಿದ್ದಾರೆ ಎಂದು ಓದುವವರಿಗೆ ಗೊತ್ತಾಗುತ್ತದೆ.

ಅಭ್ಯರ್ಥಿ ಹೇಳಿಕೆಯಲ್ಲಿ ಏನು ಬರೆಯಬೇಕು?

ಪ್ರಾಧ್ಯಾಪಕರು ಮಾಡುವ ಸಾಮಾನ್ಯ ತಪ್ಪು, ಸಂಶೋಧನಾ ಅನುದಾನದ ಅರ್ಜಿಯನ್ನೇ ಚಿಕ್ಕದು ಮಾಡಿ ಕೊಡುವುದು. ಪ್ರಬಂಧಗಳ ಸಂಖ್ಯೆ, ಉಲ್ಲೇಖಗಳ ಎಣಿಕೆ, ತಂದ ಅನುದಾನದ ಮೊತ್ತ, ಪಡೆದ ಪ್ರಶಸ್ತಿಗಳ ಪಟ್ಟಿ ಇವೆಲ್ಲ ನೀವು ಪೂರ್ಣ ಸದಸ್ಯರಾಗಲು ಅರ್ಹರೆಂದು ತೋರಿಸುತ್ತವೆ, ಆ ಅರ್ಹತೆ ಎದುರಾಳಿ ಅಭ್ಯರ್ಥಿಗೂ ಇದ್ದೇ ಇದೆ. ಮತ ಹಾಕುವ ಶಾಖಾ ಪ್ರತಿನಿಧಿ ತಿಳಿಯಬಯಸುವುದು ಬೇರೆ. ನೀವು ಶಾಖೆಯಲ್ಲಿದ್ದಾಗ ಏನು ಬದಲಾಯಿತು? ಎಷ್ಟು ವಿದ್ಯಾರ್ಥಿಗಳನ್ನು ಸೇರಿಸಿದಿರಿ, ಅವರಲ್ಲಿ ಸಹಾಯಧನಕ್ಕೆ ಅರ್ಜಿ ಹಾಕಿದವರು ಯಾರು, ಶಾಲಾ ಮಕ್ಕಳಿಗಾಗಿ ಏನು ಮಾಡಿದಿರಿ, ಹಣದ ಲೆಕ್ಕ ಹೇಗೆ ಇಟ್ಟಿರಿ? ಮಂಡಳಿಗೆ ಬಂದರೆ ಯಾವ ಒಂದು ಕೆಲಸವನ್ನು ಮಾಡಿಯೇ ತೀರುತ್ತೀರಿ?

ಒಂದು ಕೆಲಸ ಸಾಕು, ಅದು ಮಾಡಲಾಗುವಂಥದ್ದಾಗಿರಬೇಕು. ‘ವಿಜ್ಞಾನದ ಭವಿಷ್ಯವನ್ನು ರೂಪಿಸುತ್ತೇನೆ’ ಎಂಬ ವಾಕ್ಯ ಯಾರ ಹೇಳಿಕೆಯಲ್ಲಿ ಬೇಕಾದರೂ ಕೂರುತ್ತದೆ. ‘ನಮ್ಮ ವಲಯದಲ್ಲಿ ವರದಿ ಕಳಿಸದ ಶಾಖೆಗಳ ಒಬ್ಬೊಬ್ಬ ಪದಾಧಿಕಾರಿಗೂ ಮೊದಲ ವರ್ಷವೇ ಫೋನ್ ಮಾಡುತ್ತೇನೆ’ ಎಂಬ ವಾಕ್ಯ ನಿಮ್ಮದೇ ಆಗಿರುತ್ತದೆ, ಅದಕ್ಕೆ ನೀವು ಉತ್ತರ ಕೊಡಬೇಕಾಗಿಯೂ ಬರುತ್ತದೆ. ಮಾಡಿದ ಕೆಲಸವನ್ನು ‘ನಾವು’ ಎಂದು ಬರೆಯಬೇಕಾದಲ್ಲಿ ‘ನಾನು’ ಎಂದು ಬರೆಯದಿರಿ. ನಿಮ್ಮ ಜೊತೆ ದುಡಿದವರೂ ಅದನ್ನು ಓದುತ್ತಾರೆ. ಬರೆದಾದ ಮೇಲೆ ನಿಮ್ಮ ಶಾಸ್ತ್ರ ಗೊತ್ತಿಲ್ಲದ ಒಬ್ಬರಿಗೆ ಓದಿ ಹೇಳಿ. ಅವರಿಗೆ ಅರ್ಥವಾಗದ ಪದಗಳೆಲ್ಲ ತೆಗೆಯಬೇಕಾದ ಪದಗಳೇ.

ನಾನು ಸಣ್ಣ ಪದವಿ ಕಾಲೇಜಿನಲ್ಲಿದ್ದೇನೆ. ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದವರ ಎದುರು ನಿಲ್ಲಲು ಸಾಧ್ಯವೇ?

ಸಾಧ್ಯ. ಪದವಿ ಕಾಲೇಜುಗಳಿಗೆ ಮಂಡಳಿಯಲ್ಲಿ ಪ್ರತ್ಯೇಕ ಪ್ರಾತಿನಿಧ್ಯವಿರುವುದೇ ಈ ಕಾರಣಕ್ಕೆ. ಅಷ್ಟೇ ಅಲ್ಲ, ಪದವಿ ವಿದ್ಯಾರ್ಥಿಯ ಕೈ ಹಿಡಿದು ಮೊದಲ ಪ್ರಯೋಗವನ್ನು ಮಾಡಿಸುವ ಕೆಲಸ ಸಣ್ಣ ಕಾಲೇಜುಗಳಲ್ಲಿ ನಡೆಯುವಷ್ಟು ಅಕ್ಕರೆಯಿಂದ ಬೇರೆಡೆ ನಡೆಯುವುದು ಅಪರೂಪ. ಆ ಅನುಭವ ಸಂಘಕ್ಕೆ ಬೇಕು.

ಟೆನ್ಯೂರ್ (ಕಾಯಂ ನೇಮಕ) ಸಿಗುವ ಮೊದಲೇ ಈ ಜವಾಬ್ದಾರಿ ವಹಿಸಿಕೊಳ್ಳಬಹುದೇ? ಬಡ್ತಿಗೆ ಇದು ಸಹಾಯವಾಗುತ್ತದೆಯೇ?

ಸಹಾಯ ಪ್ರಾಧ್ಯಾಪಕರಿಗೆ ನನ್ನ ಸಲಹೆ ನೇರವಾಗಿದೆ: ಶಾಖೆಯ ಸದಸ್ಯರಾಗಿ, ಪೋಸ್ಟರ್ ಪ್ರದರ್ಶನಕ್ಕೆ ತೀರ್ಪುಗಾರರಾಗಿ, ವರ್ಷಕ್ಕೆ ಒಮ್ಮೆ ಕೈಜೋಡಿಸಿ, ಪದಾಧಿಕಾರಿಯಾಗುವುದನ್ನು ಟೆನ್ಯೂರ್ ನಂತರಕ್ಕೆ ಇಡಿ. ಅಮೆರಿಕದ ವಿಶ್ವವಿದ್ಯಾಲಯಗಳು ಸಂಶೋಧನೆ, ಬೋಧನೆ, ಸೇವೆ ಎಂಬ ಮೂರು ತಲೆಬರಹಗಳಡಿ ಪ್ರಾಧ್ಯಾಪಕರನ್ನು ಅಳೆಯುತ್ತವೆ ಎಂಬುದು ನಿಜ, ಆದರೆ ಸಂಶೋಧನಾ ವಿಶ್ವವಿದ್ಯಾಲಯಗಳಲ್ಲಿ ಸೇವೆಯ ತೂಕ ಉಳಿದೆರಡಕ್ಕಿಂತ ಬಹಳ ಕಡಿಮೆ. ಸೇವೆಯ ಕೊರತೆಯಿಂದ ಟೆನ್ಯೂರ್ ತಪ್ಪಿತೆಂದು ನಾನು ಕೇಳಿದ್ದು ವಿರಳ, ಪ್ರಬಂಧಗಳ ಕೊರತೆಯಿಂದ ತಪ್ಪಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೊರಗಿನಿಂದ ಬಂದವರು, ಅದರಲ್ಲಿಯೂ ಹೆಣ್ಣುಮಕ್ಕಳು, ಪ್ರತಿಯೊಂದು ಸಮಿತಿಗೂ ‘ನೀವು ಬನ್ನಿ’ ಎಂಬ ಕರೆಯನ್ನು ಇತರರಿಗಿಂತ ಹೆಚ್ಚು ಪಡೆಯುತ್ತಾರೆ. ಬೇಡವೆನ್ನುವುದು ಅಗೌರವವಲ್ಲ. ‘ಎರಡು ವರ್ಷ ಬಿಟ್ಟು ಖಂಡಿತ ಬರುತ್ತೇನೆ’ ಎಂದು ಹೇಳಿ, ಹೇಳಿದಂತೆ ಬಂದರೆ ಸಾಕು.

ಸಹ ಪ್ರಾಧ್ಯಾಪಕರಿಂದ ಪೂರ್ಣ ಪ್ರಾಧ್ಯಾಪಕರಾಗುವ ಹಂತದಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ವಿಶ್ವವಿದ್ಯಾಲಯದ ಹೊರಗೂ ನಿಮಗೆ ಮನ್ನಣೆಯಿದೆ ಎಂದು ತೋರಿಸಬೇಕಾದಾಗ ರಾಷ್ಟ್ರಮಟ್ಟದ ಸಮಿತಿಯ ಕೆಲಸ ಉಪಯೋಗಕ್ಕೆ ಬರುತ್ತದೆ. ಹಾಗೆಂದು ಬಡ್ತಿಗಾಗಿಯೇ ಬಂದವರು ಎರಡನೆಯ ವರ್ಷಕ್ಕೆ ಸಭೆಗೆ ಬರುವುದನ್ನು ನಿಲ್ಲಿಸುತ್ತಾರೆ, ಅವರು ಬಿಟ್ಟ ಕೆಲಸ ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ.

ಅಮೆರಿಕದ ಪೌರತ್ವ ಇರಲೇಬೇಕೇ?

ಸಂಘದ ಸದಸ್ಯತ್ವ ಯಾವ ದೇಶಕ್ಕೂ ಸೀಮಿತವಲ್ಲ. ಮೆಕ್ಸಿಕೋದ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುವ ದೃಗ್ವಿಜ್ಞಾನಿ (ಬೆಳಕನ್ನು ಅಧ್ಯಯನ ಮಾಡುವವರು) ಮರಿಯಾ ಸ್ಟ್ರೋಯ್ನಿಕ್ ಈಚಿನ ವರ್ಷಗಳಲ್ಲಿ ಸಂಘದ ಅಧ್ಯಕ್ಷರಾಗಿದ್ದರು.

ಯಾವ ಸಮಿತಿಯನ್ನು ಆರಿಸಿಕೊಂಡರೆ ಒಳ್ಳೆಯದು?

ಅವರವರ ಶಕ್ತಿಗೆ ತಕ್ಕ ಸಮಿತಿಗಳಿವೆ. ನನ್ನನ್ನು ಕೇಳಿದರೆ, ವಿದ್ಯಾರ್ಥಿ ಸಹಾಯಧನದ ಅರ್ಜಿಗಳನ್ನು ಓದುವ ಕೆಲಸವೇ ಮೊದಲನೆಯದು. 1922ರಲ್ಲಿ ಆರಂಭವಾದ ಈ ಯೋಜನೆ ಶತಮಾನ ದಾಟಿದೆ. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳ ಸಂಶೋಧನೆಗೆ ನೇರವಾಗಿ ಸಣ್ಣ ಮೊತ್ತ ಕೊಡುವುದು ಅದರ ಉದ್ದೇಶ. ಬಹುಕಾಲದಿಂದ ಹೆಚ್ಚಿನ ವಿಷಯಗಳಿಗೆ ಮಿತಿ 1000 ಡಾಲರಿನ ಆಸುಪಾಸು. ಖಗೋಳವಿಜ್ಞಾನಕ್ಕೂ ದೃಷ್ಟಿ ಸಂಬಂಧಿ ಸಂಶೋಧನೆಗೂ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಧಿಯಿಂದ ಇನ್ನೂ ಹೆಚ್ಚು.

ಲಕ್ಷಾಂತರ ಡಾಲರಿನ ಅನುದಾನ ನಡೆಸುವವರಿಗೆ ಸಾವಿರ ಡಾಲರು ಏನೂ ಅಲ್ಲವೆನಿಸಬಹುದು. ಕಾಡಿನಲ್ಲಿ ಕಪ್ಪೆಗಳ ಕೂಗನ್ನು ದಾಖಲಿಸಬೇಕಾದ ಹುಡುಗಿಗೆ ಅದು ಒಂದು ಧ್ವನಿಮುದ್ರಣ ಯಂತ್ರ, ಎರಡು ತಿಂಗಳ ಪೆಟ್ರೋಲು, ಮತ್ತು ಬದುಕಿನಲ್ಲಿ ಮೊದಲ ಸಲ ‘ನಿನ್ನ ಪ್ರಶ್ನೆ ಕೇಳತಕ್ಕದ್ದು’ ಎಂದು ಅಪರಿಚಿತ ವಿಜ್ಞಾನಿಗಳು ಕೊಟ್ಟ ಮಾತು. ಆ ಅರ್ಜಿಗಳಲ್ಲಿ ಭಾಷೆ ತೊಡರುತ್ತದೆ, ಬಜೆಟ್ಟಿನಲ್ಲಿ ಕೂಡುವ ತಪ್ಪು ಇರುತ್ತದೆ, ಆದರೆ ಅಂಥ ಅರ್ಜಿಯ ನಡುವೆಯೂ ಒಂದು ನಿಜವಾದ ಪ್ರಶ್ನೆ ಅಡಗಿರಬಹುದು. ಅದನ್ನು ಕಂಡುಹಿಡಿಯುವ ತಾಳ್ಮೆಯೇ ಈ ಸಮಿತಿಗೆ ಬೇಕಾದ ಅರ್ಹತೆ. ತಿರಸ್ಕೃತವಾದ ಅರ್ಜಿಗೂ ಎರಡು ಸಾಲು ಉಪಯುಕ್ತ ಟಿಪ್ಪಣಿ ಬರೆಯಬೇಕು ಎಂಬುದು ನಾನು ಪಾಲಿಸಿಕೊಂಡು ಬಂದ ನಿಯಮ. ಮುಂದಿನ ಸಲ ಅದೇ ಹುಡುಗ ಅದೇ ತಪ್ಪಿಲ್ಲದೆ ಅರ್ಜಿ ಹಾಕಿದ್ದನ್ನು ನೋಡಿದಾಗ ಆದ ಸಂತೋಷವನ್ನು ಹೇಳಿ ಮುಗಿಸಲಾರೆ.

ಪ್ರಶಸ್ತಿ ಸಮಿತಿಯ ಕೆಲಸದಲ್ಲಿಯೂ ಇದೇ ಮನೋಭಾವ ಕಾಣುತ್ತದೆ. 1950ರಿಂದ ಕೊಡುತ್ತಿರುವ ವಿಲಿಯಂ ಪ್ರಾಕ್ಟರ್ ಪ್ರಶಸ್ತಿಯ ಜೊತೆಗೆ, ಪುರಸ್ಕೃತರು ತಾವು ಆರಿಸಿದ ಒಬ್ಬ ಕಿರಿಯ ಸಂಶೋಧಕರಿಗೆ ಸಹಾಯಧನ ಕೊಡಿಸುವ ಪದ್ಧತಿಯಿದೆ. ಹಿರಿಯರ ಗೌರವ ಕಿರಿಯರ ಕೈಗೂ ತಲುಪಬೇಕು ಎಂಬ ಈ ಏರ್ಪಾಡು ನನಗೆ ಬಹಳ ಹಿಡಿಸಿದೆ.

ನನ್ನದೇ ವಿದ್ಯಾರ್ಥಿಯ ಅರ್ಜಿ ನನ್ನ ಮುಂದೆ ಬಂದರೆ?

ಕೂಡಲೇ ಸಮಿತಿಗೆ ತಿಳಿಸಿ ಪಕ್ಕಕ್ಕೆ ಸರಿಯಬೇಕು. ನಿಮ್ಮ ವಿದ್ಯಾರ್ಥಿ, ನಿಮ್ಮ ಸಹಲೇಖಕರ ವಿದ್ಯಾರ್ಥಿ, ನಿಮ್ಮ ವಿಭಾಗದವರು, ನೆಂಟರು, ಈ ಎಲ್ಲರ ವಿಷಯದಲ್ಲಿಯೂ ಇದೇ ನಡೆ. ‘ನಾನು ನಿಷ್ಪಕ್ಷಪಾತವಾಗಿಯೇ ಓದುತ್ತೇನೆ’ ಎಂಬ ಆತ್ಮವಿಶ್ವಾಸ ಇಲ್ಲಿ ಸಾಲದು. ಸಂಶೋಧನೆಯಲ್ಲಿ ಪ್ರಾಮಾಣಿಕತೆಯ ಬಗ್ಗೆ 1980ರ ದಶಕದಲ್ಲಿಯೇ ಕಿರುಪುಸ್ತಿಕೆ ಹೊರತಂದು, ಅದನ್ನು ವಿದ್ಯಾರ್ಥಿಗಳ ಕೈಗೆ ತಲುಪಿಸಿದ ಸಂಘವಿದು. ಅದರ ಪದಾಧಿಕಾರಿಯೇ ಈ ವಿಷಯದಲ್ಲಿ ಸಡಿಲವಾದರೆ ಆ ಪುಸ್ತಿಕೆಗೆ ಬೆಲೆಯಿಲ್ಲ. ಕನ್ನಡ ಕೂಟದಲ್ಲಿ ಪರಿಚಯವಿರುವ ಮನೆಯ ಮಗುವಿನ ಅರ್ಜಿ ಬಂದಾಗಲೂ ಹೀಗೆಯೇ ಮಾಡಬೇಕು. ಆ ಮನೆಯವರಿಗೆ ಮೊದಲೇ ವಿನಯದಿಂದ ತಿಳಿಸಿಬಿಟ್ಟರೆ ಆಮೇಲೆ ಮನಸ್ತಾಪವಿರುವುದಿಲ್ಲ.

ಹಿಂದೆ ಎಂಥವರು ಈ ಸಂಘವನ್ನು ಮುನ್ನಡೆಸಿದ್ದಾರೆ?

ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಖಗೋಳವಿಜ್ಞಾನಿ ಹಾರ್ಲೊ ಶೇಪ್ಲಿ 1943ರಿಂದ 1947ರವರೆಗೆ ಅಧ್ಯಕ್ಷರಾಗಿದ್ದರು. ನಮ್ಮ ಸೂರ್ಯ ಆಕಾಶಗಂಗೆಯ ಕೇಂದ್ರದಲ್ಲಿಲ್ಲ, ಅದರಿಂದ ಬಹುದೂರದಲ್ಲಿದೆ ಎಂದು ತೋರಿಸಿಕೊಟ್ಟವರು ಅವರು. ಕಾಲರಾ ರೋಗಾಣುವಿನ ಸಂಶೋಧನೆಗೆ ಹೆಸರಾದ ರೀಟಾ ಕೋಲ್ವೆಲ್ 1990ರ ದಶಕದ ಆರಂಭದಲ್ಲಿ ಸಂಘವನ್ನು ಮುನ್ನಡೆಸಿದರು. ಮುಂದೆ 1998ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನಿರ್ದೇಶಕರಾದ ಮೊದಲ ಮಹಿಳೆ ಅವರೇ. ರಸಾಯನವಿಜ್ಞಾನಿ ಜೆರಾಲ್ಡಿನ್ ರಿಚ್ಮಂಡ್, ವಿಜ್ಞಾನದ ತತ್ತ್ವಶಾಸ್ತ್ರವನ್ನು ಕಲಿಸುವ ರಾಬರ್ಟ್ ಪೆನಾಕ್ ಈಚಿನ ಅಧ್ಯಕ್ಷರಲ್ಲಿ ಸೇರಿದ್ದಾರೆ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ ಎಂಬುದನ್ನು ಗಮನಿಸಿ.

ನಿಂತು ಸೋತರೆ ಮುಖಭಂಗವಾಗುವುದಿಲ್ಲವೇ?

ಇಂಥ ಚುನಾವಣೆಗಳಲ್ಲಿ ಅರ್ಹರಾದ ಇಬ್ಬರಲ್ಲಿ ಒಬ್ಬರು ಸೋಲಲೇಬೇಕು. ಸೋತ ವಾರವೇ ಗೆದ್ದವರಿಗೆ ಪತ್ರ ಬರೆದು, ನಿಮ್ಮ ಹೇಳಿಕೆಯಲ್ಲಿ ಹೇಳಿದ್ದ ಆ ಒಂದು ಕೆಲಸಕ್ಕೆ ಕೈಜೋಡಿಸಲು ಸಿದ್ಧರಿದ್ದೀರೆಂದು ತಿಳಿಸಿ. ಕೆಲಸ ನಿಜವಾಗಿಯೂ ಆಗಬೇಕೆಂಬ ಆಸೆ ಇದ್ದವರಿಗೆ ಇದು ಕಷ್ಟವಾಗದು. ಎರಡನೆಯ ಸಲ ನಿಂತು ಗೆದ್ದವರಲ್ಲಿ ನಾನು ಬಲ್ಲ ಇಬ್ಬರೂ ಹೀಗೆಯೇ ಮಾಡಿದ್ದರು.

‘ನೀವು ಗೌರವ ಸಂಘಕ್ಕೆ ಆಯ್ಕೆಯಾಗಿದ್ದೀರಿ, ಶುಲ್ಕ ಕಟ್ಟಿ’ ಎಂಬ ಇಮೇಲ್‌ಗಳು ದಿನವೂ ಬರುತ್ತವೆ. ನಿಜವಾದುದನ್ನು ಹೇಗೆ ಗುರುತಿಸುವುದು?

ಸಿಗ್ಮಾ ಕ್ಸೈ ಕೂಡ ವಂತಿಗೆ ತೆಗೆದುಕೊಳ್ಳುತ್ತದೆ, ಆದ್ದರಿಂದ ಹಣ ಕೇಳುವುದೊಂದೇ ಗುರುತಲ್ಲ. ನಿಮ್ಮನ್ನು ಬಲ್ಲ ಸದಸ್ಯರು ಹೆಸರು ಸೂಚಿಸಿದ್ದಾರೆಯೇ, ಸಂಶೋಧನೆಯ ಪುರಾವೆಯನ್ನು ಯಾರಾದರೂ ಪರಿಶೀಲಿಸಿದ್ದಾರೆಯೇ, ಸಂಘದ ಲೆಕ್ಕಪತ್ರ ಮತ್ತು ಉಪನಿಯಮ ಓದಲು ಸಿಗುತ್ತವೆಯೇ, ಪದಾಧಿಕಾರಿಗಳನ್ನು ಸದಸ್ಯರು ಆರಿಸುತ್ತಾರೆಯೇ ಎಂದು ನೋಡಿ. ಚೌಕಟ್ಟು ಹಾಕಿದ ಫಲಕವನ್ನು ಮಾರುವುದೇ ಮುಖ್ಯ ವ್ಯವಹಾರವಾಗಿರುವ ಕಡೆ ಇವು ಯಾವುವೂ ಇರುವುದಿಲ್ಲ. ಅಂಥ ಫಲಕವನ್ನು ವೃತ್ತಿ ವಿವರದಲ್ಲಿ ಸೇರಿಸಿಕೊಂಡರೆ ಪಕ್ಕದಲ್ಲಿರುವ ನಿಜವಾದ ಗೌರವಗಳ ಮೇಲೂ ಅನುಮಾನ ಬೀಳುತ್ತದೆ.

ಅವಧಿ ಮುಗಿದು ಹುದ್ದೆ ಬಿಡುವಾಗ ಏನು ಮಾಡಬೇಕು?

ಬಿಡುವ ಆರು ತಿಂಗಳ ಮೊದಲೇ ಮುಂದಿನವರನ್ನು ಗುರುತಿಸಿ ಜೊತೆಯಲ್ಲಿ ಕೂರಿಸಿಕೊಳ್ಳಿ. ಸದಸ್ಯರ ಪಟ್ಟಿ, ಹಿಂದಿನ ವರದಿಗಳು, ಬ್ಯಾಂಕ್ ಖಾತೆಯ ಸಹಿ ಬದಲಾವಣೆ, ಶಾಖೆಯ ಸನ್ನದು ಪತ್ರ, ಮಿಂಚಂಚೆಯ ಗುಪ್ತಪದ, ಸಭಾಂಗಣ ಕಾಯ್ದಿರಿಸುವವರ ಹೆಸರು, ಹೂವು ಮತ್ತು ಕಾಫಿ ತರಿಸುವ ಜಾಗ ಇಷ್ಟನ್ನೂ ಒಂದೇ ಕಡತದಲ್ಲಿ ಬರೆದಿಡಿ. ನಾನು ಬಿಟ್ಟಾಗ ಅಂಥ ಕಡತವೊಂದನ್ನು ಹೊಸ ಕಾರ್ಯದರ್ಶಿಯ ಕೈಗೆ ಕೊಟ್ಟೆ. ಆಕೆ ಮೊದಲ ಪುಟದಲ್ಲಿಯೇ, ಎರಡು ಅಂತಸ್ತು ಮೇಲಿದ್ದ ಆ ಹಿರಿಯ ರಸಾಯನವಿಜ್ಞಾನಿಯ ಹೆಸರಿನ ಪಕ್ಕದಲ್ಲಿ, ‘ಪ್ರತಿ ಸಭೆಗೂ ಖುದ್ದಾಗಿ ಹೋಗಿ ಕರೆಯುವುದು’ ಎಂದು ಗುರುತು ಹಾಕಿಕೊಂಡರು.